ವರ್ಷಕ್ಕೆ ಎರಡೇ ಇಂಜೆಕ್ಷನ್... ದಿನದ ಮಾತ್ರೆ ಬಿಡಬಹುದೇ?

ಯಜಮಾನರ ಶುಗರ್ ಎಷ್ಟು, ಅತ್ತೆಯವರ ಬಿ.ಪಿ. ಎಷ್ಟು ಅಂತ ಯಾರಾದರೂ ಕೇಳಿದರೆ ಥಟ್ಟನೆ ಹೇಳುತ್ತೀರಿ. ಮಗುವಿಗೆ ಯಾವ ಲಸಿಕೆ ಯಾವ ತಿಂಗಳು ಹಾಕಿಸಿದ್ದು ಅನ್ನುವುದೂ ನಿಮಗೆ ಬಾಯಿಪಾಠ. ಸರಿ, ಈಗ ಒಂದು ಪ್ರಶ್ನೆ. ನಿಮ್ಮ ಎಲ್‌ಡಿಎಲ್ ಎಷ್ಟು?

ಉತ್ತರ ಗೊತ್ತಿಲ್ಲ ಅಲ್ಲವೇ? ಬೇಜಾರು ಬೇಡ, ನಮ್ಮಲ್ಲಿ ಬಹಳ ಗೃಹಿಣಿಯರ ಕಥೆ ಇದೇ. ಮನೆಮಂದಿಯ ರಿಪೋರ್ಟುಗಳೆಲ್ಲ ನಮ್ಮ ಕಪಾಟಿನಲ್ಲಿ ಇರುತ್ತವೆ, ನಮ್ಮದೊಂದೇ ಇರುವುದಿಲ್ಲ. ಎಲ್‌ಡಿಎಲ್ ಅಂದರೆ ರಕ್ತನಾಳದ ಗೋಡೆಯಲ್ಲಿ ಕೂತು ದಾರಿ ಮುಚ್ಚುವ ಕೊಲೆಸ್ಟರಾಲ್. ‘ಕೆಟ್ಟ ಕೊಲೆಸ್ಟರಾಲ್’ ಅಂತ ಡಾಕ್ಟರು ಹೇಳುವುದು ಇದನ್ನೇ.

ಈಚೆಗೆ ಈ ಎಲ್‌ಡಿಎಲ್ ಇಳಿಸಲು ಹೊಸ ಇಂಜೆಕ್ಷನ್ ಬಂದಿದೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ವರ್ಷಕ್ಕೆ ಎರಡು ಸಲ ಚುಚ್ಚಿಸಿಕೊಂಡರೆ ಸಾಕಂತೆ, ಮಾತ್ರೆಯೇ ಬೇಡವಂತೆ, ಜೀನ್‌ನ ಬಾಯಿಯನ್ನೇ ಮುಚ್ಚಿಸುತ್ತದಂತೆ! ಈ ‘ಅಂತೆ’ಗಳಲ್ಲಿ ಯಾವುದು ನಿಜ, ಯಾವುದು ಅರ್ಧ ನಿಜ? ಬನ್ನಿ, ನಿಧಾನವಾಗಿ ನೋಡೋಣ.

ಕೊಲೆಸ್ಟರಾಲ್ ತಯಾರಾಗುವುದು ಎಲ್ಲಿ?

ತಟ್ಟೆಯಲ್ಲಿ ಎಣ್ಣೆ ಕಡಿಮೆ ಮಾಡಿದರೂ ರಿಪೋರ್ಟಿನಲ್ಲಿ ಕೊಲೆಸ್ಟರಾಲ್ ಇಳಿಯಲಿಲ್ಲ ಅಂತ ಎಷ್ಟೋ ಜನ ಗೊಣಗುತ್ತಾರೆ. ಕಾರಣ ಇಷ್ಟೇ. ನಮ್ಮ ಮೈಯಲ್ಲಿರುವ ಕೊಲೆಸ್ಟರಾಲ್‌ನ ಹೆಚ್ಚಿನ ಭಾಗ ತಟ್ಟೆಯಿಂದ ಬಂದದ್ದಲ್ಲ, ಮೈಯೇ ತಯಾರಿಸಿಕೊಂಡದ್ದು. ಅದರಲ್ಲಿ ಲಿವರ್‌ನದು ದೊಡ್ಡ ಪಾಲು. ತಯಾರಿಸುವುದಷ್ಟೇ ಅಲ್ಲ, ರಕ್ತದಲ್ಲಿ ಹೆಚ್ಚಾದ ಎಲ್‌ಡಿಎಲ್ ಅನ್ನು ವಾಪಸ್ ಎಳೆದುಕೊಂಡು ವಿಲೇವಾರಿ ಮಾಡುವುದೂ ಮುಖ್ಯವಾಗಿ ಲಿವರೇ.

ಹೇಗೆ ಎಳೆದುಕೊಳ್ಳುತ್ತದೆ? ಬಾವಿಯಿಂದ ಕೊಡದಲ್ಲಿ ನೀರು ಸೇದುವುದನ್ನು ನೆನಪಿಸಿಕೊಳ್ಳಿ. ಲಿವರ್ ಜೀವಕೋಶದ ಮೇಲೆ ಇಂಥ ಸಾವಿರಾರು ಪುಟ್ಟ ‘ಕೊಡ’ಗಳಿವೆ. ಒಂದೊಂದು ಕೊಡವೂ ರಕ್ತದಿಂದ ಎಲ್‌ಡಿಎಲ್ ತುಂಬಿಕೊಂಡು ಒಳಗೆ ಹೋಗಿ ಸುರಿದು, ಖಾಲಿಯಾಗಿ ಮತ್ತೆ ಹೊರಗೆ ಬರುತ್ತದೆ. ಹೀಗೆ ನೂರಕ್ಕೂ ಹೆಚ್ಚು ಸಲ ಓಡಾಡುತ್ತದೆ. ಈ ಕೊಡವನ್ನು ಕಂಡುಹಿಡಿದ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಕೊಡ ಹೆಚ್ಚಿದ್ದಷ್ಟೂ ರಕ್ತ ಸ್ವಚ್ಛ. ಕೊಡ ಕಡಿಮೆಯಾದರೆ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ.

ಕೊಡ ಒಡೆಯುವ ತಂಟೆಕೋರ

ಈ ಕೊಡಗಳನ್ನು ಹಾಳು ಮಾಡುವ ಒಂದು ಪ್ರೋಟೀನ್ ಇದೆ. ಹೆಸರು ಪಿಸಿಎಸ್‌ಕೆ9. ಹೆಸರು ಕಷ್ಟವಾದರೆ ‘ತಂಟೆಕೋರ’ ಅಂತಲೇ ಕರೆಯೋಣ. ಇದನ್ನೂ ಲಿವರೇ ತಯಾರಿಸುತ್ತದೆ! ಇದು ಕೊಡಕ್ಕೆ ಅಂಟಿಕೊಂಡರೆ ಒಳಗೆ ಹೋದ ಕೊಡ ವಾಪಸ್ ಬರುವುದಿಲ್ಲ, ಅಲ್ಲೇ ನಾಶವಾಗುತ್ತದೆ.

2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಈ ತಂಟೆಕೋರನ ಜೀನ್ ಅತಿಯಾಗಿ ಕೆಲಸ ಮಾಡುವುದು ಗೊತ್ತಾಯಿತು. ಅವರಿಗೆ ಚಿಕ್ಕ ವಯಸ್ಸಿಗೇ ಕೊಲೆಸ್ಟರಾಲ್ ವಿಪರೀತ. ಇದರ ಉಲ್ಟಾ ಸಂಗತಿ ಸಿಕ್ಕಿದ್ದು ಅಮೆರಿಕದ ಡಲ್ಲಾಸ್‌ನಲ್ಲಿ. ಹೆಲೆನ್ ಹಾಬ್ಸ್ ಮತ್ತು ಜೊನಾಥನ್ ಕೋಹೆನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಈ ಜೀನ್‌ನ ಒಂದು ಪ್ರತಿ ಹುಟ್ಟಿನಿಂದಲೇ ಕೆಲಸ ಮಾಡದ ಕಪ್ಪುವರ್ಣೀಯರ ಎಲ್‌ಡಿಎಲ್ ಶೇ. 28ರಷ್ಟು ಕಡಿಮೆ ಇತ್ತು, ಹೃದಯದ ರಕ್ತನಾಳದ ಕಾಯಿಲೆ ಶೇ. 88ರಷ್ಟು ಕಡಿಮೆ ಇತ್ತು! ಎರಡೂ ಪ್ರತಿ ಕೆಟ್ಟಿದ್ದರಿಂದ ತಂಟೆಕೋರನೇ ಇಲ್ಲದ ಒಬ್ಬ ಮಹಿಳೆಯೂ ಸಿಕ್ಕರು. ಅವರ ಎಲ್‌ಡಿಎಲ್ ಬರೀ 14. ಆರೋಗ್ಯವಾಗಿದ್ದರು, ಮಕ್ಕಳ ತಾಯಿಯೂ ಆಗಿದ್ದರು. ತಂಟೆಕೋರ ಇಲ್ಲದಿದ್ದರೂ ಮೈಗೆ ತೊಂದರೆ ಇಲ್ಲ ಎಂಬ ಧೈರ್ಯ ವಿಜ್ಞಾನಿಗಳಿಗೆ ಬಂದದ್ದು ಹೀಗೆ.

ಚೀಟಿ ಹರಿದರೆ ಅಡುಗೆ ಇಲ್ಲ

ಹಾಗಾದರೆ ತಂಟೆಕೋರನನ್ನು ತಡೆಯುವುದು ಹೇಗೆ? ನಮ್ಮ ಅಡುಗೆಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಅಜ್ಜಿಯ ಕಾಲದ ಅಡುಗೆ ಪುಸ್ತಕ ಟ್ರಂಕಿನಲ್ಲಿ ಭದ್ರವಾಗಿದೆ. ಪುಸ್ತಕವನ್ನು ಹೊರಗೆ ತರುವ ಹಾಗಿಲ್ಲ. ಬೇಕಾದ ಅಡುಗೆಯ ವಿಧಾನವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಒಲೆಯ ಹತ್ತಿರ ತರುತ್ತೀರಿ. ಜೀವಕೋಶದಲ್ಲೂ ಹೀಗೇ. ಜೀನ್ ಅಂದರೆ ಟ್ರಂಕಿನಲ್ಲಿರುವ ಪುಸ್ತಕ. ಚೀಟಿಯ ಹೆಸರು ಎಂ-ಆರ್‌ಎನ್‌ಎ. ಆ ಚೀಟಿ ನೋಡಿಕೊಂಡು ತಯಾರಾಗುವ ಅಡುಗೆಯೇ ಪ್ರೋಟೀನ್.

ಹೊಸ ಮದ್ದು ಮುಟ್ಟುವುದು ಪುಸ್ತಕವನ್ನಲ್ಲ, ಚೀಟಿಯನ್ನು. ತಂಟೆಕೋರನ ಚೀಟಿ ಒಲೆ ಮುಟ್ಟುವ ಮೊದಲೇ ಅದನ್ನು ಕತ್ತರಿಸುತ್ತದೆ. ಚೀಟಿ ಇಲ್ಲದಿದ್ದರೆ ಅಡುಗೆ ಇಲ್ಲ, ತಂಟೆಕೋರ ಇಲ್ಲದಿದ್ದರೆ ಕೊಡಗಳು ಒಡೆಯುವುದಿಲ್ಲ. ಎಲ್‌ಡಿಎಲ್ ಇಳಿಯುತ್ತದೆ. ‘ಜೀನ್ ಬಾಯಿ ಮುಚ್ಚಿಸುವುದು’ ಅಂದರೆ ಇಷ್ಟೇ.

ಕತ್ತರಿ ಕೂಡ ಹೊರಗಿನದಲ್ಲ, ನಮ್ಮ ಜೀವಕೋಶದೊಳಗೇ ಮೊದಲಿನಿಂದ ಇದೆ. ಇದರ ಸುಳಿವು ಮೊದಲು ಸಿಕ್ಕಿದ್ದು ಹೂವಿನಲ್ಲಿ. 1990ರ ಸುಮಾರಿಗೆ ಪೆಟೂನಿಯಾ ಗಿಡದ ನೇರಳೆ ಬಣ್ಣ ಗಾಢವಾಗಲಿ ಅಂತ ಅದೇ ಬಣ್ಣದ ಜೀನ್ ಅನ್ನು ಇನ್ನೊಂದು ಸೇರಿಸಿದರೆ, ಹೂವು ಬಿಳಿಯಾಗಿಬಿಟ್ಟಿತು! ಯಾಕೆ ಹೀಗೆ ಎಂಬ ಗುಟ್ಟನ್ನು 1998ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಬಿಡಿಸಿದವರು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ. ಎರಡೆಳೆಯ ಆರ್‌ಎನ್‌ಎ ತುಣುಕು ಒಳಗೆ ಹೋದರೆ, ಅದಕ್ಕೆ ಹೊಂದುವ ಚೀಟಿಯನ್ನು ಜೀವಕೋಶವೇ ಹುಡುಕಿ ಕತ್ತರಿಸುತ್ತದೆ ಎಂದು ತೋರಿಸಿದರು. 2006ರ ನೊಬೆಲ್ ಅವರಿಗೆ ಸಂದಿತು.

ಮೂರು ಸಕ್ಕರೆಯ ವಿಳಾಸ

ಗುಟ್ಟು ಗೊತ್ತಾದರೂ ಮದ್ದು ತಯಾರಾಗಲು ಇಪ್ಪತ್ತು ವರ್ಷ ಹಿಡಿಯಿತು. ಯಾಕೆಂದರೆ ಇದರ ವಿನ್ಯಾಸ ಸುಲಭದ್ದಲ್ಲ. ಮೂರು ತೊಡಕುಗಳಿದ್ದವು.

ಮೊದಲನೆಯದು, ಸರಿಯಾದ ಚೀಟಿ. ತುಣುಕಿನಲ್ಲಿರುವುದು ಇಪ್ಪತ್ತು ಚಿಲ್ಲರೆ ಅಕ್ಷರ ಮಾತ್ರ. ಅದು ತಂಟೆಕೋರನ ಚೀಟಿಗೆ ಮಾತ್ರ ಹೊಂದಬೇಕು. ಅಪ್ಪಿತಪ್ಪಿ ಬೇರೆ ಒಳ್ಳೆಯ ಪ್ರೋಟೀನಿನ ಚೀಟಿ ಹರಿದುಬಿಟ್ಟರೆ ಅನಾಹುತ.

ಎರಡನೆಯದು, ಬಾಳಿಕೆ. ಬರೀ ಆರ್‌ಎನ್‌ಎ ರಕ್ತಕ್ಕೆ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಚೂರಾಗುತ್ತದೆ, ಉಳಿದದ್ದು ಮೂತ್ರದಲ್ಲಿ ಹೋಗುತ್ತದೆ. ಹಾಗಾಗಿ ಅದರ ಅಕ್ಷರಗಳಿಗೆ ಸಣ್ಣ ಸಣ್ಣ ರಾಸಾಯನಿಕ ಬದಲಾವಣೆ ಮಾಡಿ ಗಟ್ಟಿ ಮಾಡಿದರು. ಉಪ್ಪಿನಕಾಯಿಗೆ ಉಪ್ಪು, ಎಣ್ಣೆ ಹಾಕಿ ವರ್ಷಗಟ್ಟಲೆ ಕೆಡದಂತೆ ಇಡುತ್ತೇವಲ್ಲ, ಹೆಚ್ಚೂಕಡಿಮೆ ಹಾಗೆ.

ಮೂರನೆಯದು, ವಿಳಾಸ. ಮದ್ದು ಕೈಕಾಲು, ಮಿದುಳಿಗೆಲ್ಲ ಹೋಗದೆ ನೇರವಾಗಿ ಲಿವರ್‌ಗೇ ಹೋಗಬೇಕು. ಇದಕ್ಕೆ ಸಿಕ್ಕ ಉಪಾಯ ಚೆನ್ನಾಗಿದೆ. ಲಿವರ್ ಜೀವಕೋಶದ ಮೇಲೆ ‘ಗಾಲ್‌ನ್ಯಾಕ್’ ಎಂಬ ಒಂದು ಬಗೆಯ ಸಕ್ಕರೆಯನ್ನು ಹಿಡಿದುಕೊಳ್ಳುವ ಲಕ್ಷಾಂತರ ಕೈಗಳಿವೆ. ಬೇರೆ ಅಂಗಗಳಲ್ಲಿ ಇವು ಅಷ್ಟಾಗಿ ಇಲ್ಲ. ಮದ್ದಿನ ತುದಿಗೆ ಈ ಸಕ್ಕರೆಯನ್ನು ಮೂರು ಕವಲಾಗಿ ಕಟ್ಟಿದರು. ಪಾರ್ಸೆಲ್ ಮೇಲೆ ಪಿನ್‌ಕೋಡ್ ಬರೆದ ಹಾಗಾಯಿತು! ಮದ್ದು ಹೊಟ್ಟೆಯ ಚರ್ಮದ ಕೆಳಗೆ ಚುಚ್ಚಿದರೂ ಲಿವರ್ ಸೇರುತ್ತದೆ. ಈ ಕೆಲಸದಲ್ಲಿ ಮುಂಚೂಣಿಯಲ್ಲಿದ್ದವರಲ್ಲಿ ಮಧುರೈನಲ್ಲಿ ಓದಿ ಅಮೆರಿಕಕ್ಕೆ ಹೋದ ರಸಾಯನ ವಿಜ್ಞಾನಿ ಮುತ್ತಯ್ಯ ಮನೋಹರನ್ ಒಬ್ಬರು. ಅವರಿದ್ದ ಆಲ್ನೈಲಮ್ ಕಂಪನಿಯಲ್ಲೇ ಈ ಕೊಲೆಸ್ಟರಾಲ್ ಮದ್ದು ಹುಟ್ಟಿದ್ದು.

ಹೀಗೆ ಬಂದ ಮದ್ದಿನ ಹೆಸರು ಇನ್‌ಕ್ಲಿಸಿರಾನ್. ಯುರೋಪಿನಲ್ಲಿ 2020ರ ಡಿಸೆಂಬರ್‌ನಲ್ಲಿ, ಅಮೆರಿಕದಲ್ಲಿ 2021ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆಯಿತು. 2024ರ ಹೊತ್ತಿಗೆ ನಮ್ಮ ದೇಶಕ್ಕೂ ಬಂತು. ಮೊದಲ ಇಂಜೆಕ್ಷನ್, ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಮ್ಮೆ. ಲಿವರ್ ಒಳಗೆ ಕೂಡಿಟ್ಟ ಮದ್ದು ಸ್ವಲ್ಪ ಸ್ವಲ್ಪವೇ ಹೊರಬರುವುದರಿಂದಲೂ, ಒಂದೇ ತುಣುಕು ಹಲವಾರು ಚೀಟಿ ಕತ್ತರಿಸುವುದರಿಂದಲೂ ಇಷ್ಟು ದಿನ ಬಾಳುತ್ತದೆ. ಪ್ರಯೋಗಗಳಲ್ಲಿ ಎಲ್‌ಡಿಎಲ್ ಸುಮಾರು ಅರ್ಧಕ್ಕೆ ಇಳಿಯಿತು. ಹೆಚ್ಚಾಗಿ ಕಂಡ ತೊಂದರೆ, ಚುಚ್ಚಿದ ಜಾಗದಲ್ಲಿ ಕೆಂಪಾಗುವುದು, ನೋವು.

“ಮೊಮ್ಮಕ್ಕಳಿಗೆ ಏನರ ಆದ್ರ?”

ನಮ್ಮ ಮಾಣಿಕನಗರದ ಓಣಿಯಲ್ಲಿ ಒಬ್ಬ ಕಾಕು ಇದ್ದಾರೆ. ಐದು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು. ದತ್ತ ಜಯಂತಿಗೆ ಬಂದಿದ್ದ ಹೈದರಾಬಾದಿನ ಮಗ ಈ ಇಂಜೆಕ್ಷನ್ ವಿಷಯ ಹೇಳಿಹೋದ. ಒಂದು ಸಂಜೆ ಕಾಕು ಕೇಳಿದರು, “ಏನವ್ವಾ, ಜೀನೇ ಬಂದ್ ಮಾಡ್ತದಂತಲ್ಲ ಅದು? ನನ್ನ ಮೊಮ್ಮಕ್ಕಳಿಗೆ ಏನರ ಆದ್ರ ಹ್ಯಾಂಗ?”

“ಇಲ್ಲ ಕಾಕು, ಪುಸ್ತಕಕ್ಕ ಏನೂ ಆಗಂಗಿಲ್ಲ, ಚೀಟಿ ಅಷ್ಟೇ ಹರೀತದ. ಮದ್ದಿನ ಜೋರು ಮುಗೀತಂದ್ರ ಲಿವರ್ ಮತ್ತ ಹೊಸಾ ಚೀಟಿ ಬರೀತದ. ಮಕ್ಕಳಿಗೆ ಮೊಮ್ಮಕ್ಕಳಿಗೆ ಇದು ದಾಟೂದಿಲ್ಲ” ಅಂದೆ. ಅವರಿಗೆ ಸಮಾಧಾನವಾಯಿತು. ಆದರೆ ಮುಂದಿನ ಮಾತು ಕೇಳಿ ನನ್ನ ಸಮಾಧಾನ ಹೋಯಿತು. “ಅದು ಬರತದಂತಂದ್ರ ಈ ಗುಳಗಿ ಯಾಕ ನುಂಗಬೇಕಂತ ಎರಡು ತಿಂಗಳಿಂದ ಬಿಟ್ಟೀನಿ ನೋಡವ್ವಾ!”

ಮಾರನೆಯ ದಿನವೇ ಹುಮನಾಬಾದಿಗೆ ಕರೆದುಕೊಂಡು ಹೋಗಿ ರಕ್ತ ಕೊಟ್ಟು ಬಂದೆವು. ಮಾತ್ರೆ ನುಂಗುವಾಗ 68 ಇದ್ದ ಎಲ್‌ಡಿಎಲ್ ಈಗ 139. ಎದೆನೋವಿಲ್ಲ, ಸುಸ್ತಿಲ್ಲ, ಅವರಿಗೆ ಏನೂ ಗೊತ್ತೇ ಆಗಿರಲಿಲ್ಲ. ಕೊಲೆಸ್ಟರಾಲ್‌ನ ಅಪಾಯವೇ ಇದು, ಅದು ಹೇಳಿ ಏರುವುದಿಲ್ಲ. ಡಾಕ್ಟರು ಅದೇ ದಿನ ಮಾತ್ರೆ ಮತ್ತೆ ಶುರು ಮಾಡಿಸಿದರು.

ಮಾತ್ರೆ ಯಾಕೆ ಬಿಡಬಾರದು?

ಕಾಕುವಿನ ಗುಳಿಗೆ ‘ಸ್ಟ್ಯಾಟಿನ್’ ಜಾತಿಯದು. ಇದರ ಮೂಲ ಹುಡುಕಿದವರು ಜಪಾನಿನ ಅಕಿರಾ ಎಂಡೊ, ಅದೂ 1970ರ ದಶಕದಲ್ಲಿ ಬೂಷ್ಟಿನಿಂದ! ಮೊದಲ ಸ್ಟ್ಯಾಟಿನ್ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. 1994ರಲ್ಲಿ 4,444 ಹೃದ್ರೋಗಿಗಳ ಮೇಲಿನ ದೊಡ್ಡ ಪ್ರಯೋಗದಲ್ಲಿ, ಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಸಾವು ಶೇ. 30ರಷ್ಟು ಕಡಿಮೆಯಾಯಿತು. ಅಂದರೆ ಈ ಮಾತ್ರೆ ಸಂಖ್ಯೆಯನ್ನಷ್ಟೇ ಇಳಿಸುವುದಿಲ್ಲ, ಜೀವ ಉಳಿಸುತ್ತದೆ ಅನ್ನುವುದು ಮೂವತ್ತು ವರ್ಷದ ಹಿಂದೆಯೇ ಸಾಬೀತು.

ಹೊಸ ಇಂಜೆಕ್ಷನ್ನಿಗೆ ಒಪ್ಪಿಗೆ ಸಿಕ್ಕಿದ್ದು ಎಲ್‌ಡಿಎಲ್ ಇಳಿಸುತ್ತದೆ ಎಂಬ ಆಧಾರದ ಮೇಲೆ. ಹೃದಯಾಘಾತವನ್ನು ಎಷ್ಟು ತಡೆಯುತ್ತದೆ ಎಂದು ಅಳೆಯಲು ಸಾವಿರಾರು ಜನರ ‘ಓರಿಯನ್-4’ ಎಂಬ ಪ್ರಯೋಗ 2018ರಲ್ಲಿ ಬೇರೆಯಾಗಿಯೇ ಶುರುವಾಯಿತು.

ಇನ್ನೊಂದು ಸ್ವಾರಸ್ಯ ಕೇಳಿ. ಸ್ಟ್ಯಾಟಿನ್ ಲಿವರ್‌ನಲ್ಲಿ ಕೊಡಗಳನ್ನು ಹೆಚ್ಚಿಸುತ್ತದೆ, ಆದರೆ ಜೊತೆಗೆ ತಂಟೆಕೋರನನ್ನೂ ತುಸು ಹೆಚ್ಚಿಸುತ್ತದೆ. ಇಂಜೆಕ್ಷನ್ ಆ ತಂಟೆಕೋರನನ್ನು ಹಿಡಿಯುತ್ತದೆ. ಅಂದರೆ ಇವೆರಡೂ ಸವತಿಯರಲ್ಲ, ಓರಗಿತ್ತಿಯರು! ಹೆಚ್ಚಿನ ರೋಗಿಗಳಿಗೆ ಡಾಕ್ಟರು ಇಂಜೆಕ್ಷನ್ ಯೋಚಿಸುವುದು ಮಾತ್ರೆಯ ಜೊತೆಗೇ. ಸ್ಟ್ಯಾಟಿನ್ ಮೈಗೆ ಒಗ್ಗದವರ ಮಾತು ಬೇರೆ, ಅದನ್ನು ತೀರ್ಮಾನಿಸಬೇಕಾದವರು ಡಾಕ್ಟರು.

ಖರ್ಚಿನ ಮಾತೂ ಇದೆ. ಇಂಜೆಕ್ಷನ್ ಬೆಲೆ ಲಕ್ಷದ ಲೆಕ್ಕದಲ್ಲಿದೆ. ಸ್ಟ್ಯಾಟಿನ್ ಮಾತ್ರೆ ಜನೌಷಧಿ ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತದೆ. ಇಂದು ಕೈಗೆಟುಕುವ ಮದ್ದನ್ನು ನಾಳೆಯ ಮದ್ದಿಗಾಗಿ ಬಿಡುವುದು ಜಾಣತನವಲ್ಲ.

ಹಾಗಾದರೆ ಯಾರಿಗೆ ಬೇಕು?

ಸ್ಟೆಂಟ್ ಅಥವಾ ಬೈಪಾಸ್ ಆಗಿದ್ದು, ಪೂರ್ತಿ ಪ್ರಮಾಣದ ಸ್ಟ್ಯಾಟಿನ್ ಮತ್ತು ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ನುಂಗಿಯೂ ಎಲ್‌ಡಿಎಲ್ ಇಳಿಯದವರಿಗೆ ಇದು ದಾರಿ. ವಂಶಪಾರಂಪರ್ಯವಾಗಿ ಕೊಲೆಸ್ಟರಾಲ್ ಹೆಚ್ಚಿರುವ ಮನೆತನದವರಿಗೂ ಹೌದು. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ದೋಷ ಇರುತ್ತದೆ. ಅಪ್ಪ ಅಥವಾ ಅಮ್ಮ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಎಲ್‌ಡಿಎಲ್ 190 ದಾಟಿದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದರೆ ಅನುಮಾನ ಪಡಲೇಬೇಕು.

ನಮ್ಮ ಕಡೆ ಸೋದರಮಾವ, ಅತ್ತೆಯ ಮಗ ಅಂತ ಸಂಬಂಧದೊಳಗೇ ಮದುವೆ ಮಾಡುವ ರೂಢಿ ಇನ್ನೂ ಇದೆ. ಗಂಡ ಹೆಂಡತಿ ಇಬ್ಬರಿಗೂ ಇದೇ ದೋಷವಿದ್ದರೆ, ನಾಲ್ಕರಲ್ಲಿ ಒಂದು ಮಗುವಿಗೆ ಎರಡೂ ಕಡೆಯಿಂದ ಬರಬಹುದು. ಅಂಥ ಮಗುವಿನ ಮೊಣಕೈ, ಮಂಡಿ, ಹಿಮ್ಮಡಿಯ ಮೇಲೆ ಹಳದಿ ಗಂಟುಗಳು ಕಾಣುತ್ತವೆ. ಬಾಲ್ಯದಲ್ಲೇ ಹೃದಯಾಘಾತವಾಗುವುದೂ ಉಂಟು. ದುಃಖದ ಮಾತೆಂದರೆ, ಇಂಥ ಮಕ್ಕಳಿಗೆ ಈ ಇಂಜೆಕ್ಷನ್ ಸಹ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಹುಟ್ಟಿನಿಂದ ಕೊಡಗಳೇ ಸರಿಯಿಲ್ಲದಿದ್ದರೆ ತಂಟೆಕೋರನನ್ನು ತಡೆದು ಏನು ಮಾಡುವುದು? ಆದ್ದರಿಂದ ಜಾತಕ ನೋಡುವಾಗಲೇ ಎರಡೂ ಮನೆಯ ಹೃದಯದ ಚರಿತ್ರೆಯನ್ನೂ ಕೇಳಿಬಿಡಿ. ಯಾರೂ ತಪ್ಪು ತಿಳಿಯುವುದಿಲ್ಲ.

ಗರ್ಭಿಣಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಕೊಲೆಸ್ಟರಾಲ್ ಮದ್ದಿನ ವಿಷಯವನ್ನು ಡಾಕ್ಟರ ಬಳಿ ಮೊದಲೇ ಮಾತಾಡಬೇಕು. ಈ ಇಂಜೆಕ್ಷನ್ನನ್ನು ಗರ್ಭಿಣಿಯರಿಗೆ ಕೊಡುವುದಿಲ್ಲ. ಸ್ಟ್ಯಾಟಿನ್ ಅನ್ನೂ ಸಾಮಾನ್ಯವಾಗಿ ನಿಲ್ಲಿಸುತ್ತಾರೆ.

ನಿಮ್ಮ ಸಂಖ್ಯೆ ಎಷ್ಟಿರಬೇಕು?

ಭಾರತೀಯ ಹೃದ್ರೋಗ ತಜ್ಞರ ಸಂಘ 2024ರ ಜುಲೈನಲ್ಲಿ ನಮ್ಮ ದೇಶದವರಿಗಾಗಿಯೇ ಮಾರ್ಗಸೂಚಿ ಪ್ರಕಟಿಸಿತು. ಸಾಮಾನ್ಯರಿಗೆ ಎಲ್‌ಡಿಎಲ್ 100ರೊಳಗೆ ಇರಬೇಕು. ಶುಗರ್, ಬಿ.ಪಿ. ಇದ್ದು ಅಪಾಯ ಹೆಚ್ಚಿರುವವರಿಗೆ 70ರೊಳಗೆ. ಒಮ್ಮೆ ಹೃದಯಾಘಾತ ಆದವರಂಥ ಹೆಚ್ಚಿನ ಅಪಾಯದವರಿಗೆ 55ರೊಳಗೆ. ಮೊದಲ ಪರೀಕ್ಷೆ 18ನೇ ವಯಸ್ಸಿಗೇ ಆಗಲಿ ಅನ್ನುತ್ತದೆ ಆ ಮಾರ್ಗಸೂಚಿ. ಸಾಮಾನ್ಯ ತಪಾಸಣೆಗೆ ಉಪವಾಸವೂ ಬೇಡ. ಹೀಗಾಗಿ ‘ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಲು ಆಗುವುದಿಲ್ಲ, ಡಬ್ಬಿ ಕಟ್ಟಬೇಕು’ ಅನ್ನುವ ನಮ್ಮ ಹಳೆಯ ನೆಪ ಇನ್ನು ನಡೆಯುವುದಿಲ್ಲ!

ಮುಟ್ಟು ನಿಂತ ಮೇಲೆ ಹೆಂಗಸರ ಎಲ್‌ಡಿಎಲ್ ಏರುತ್ತದೆ ಅನ್ನುವುದೂ ನೆನಪಿರಲಿ. ಅಲ್ಲಿಯವರೆಗೆ ಕಾಯುತ್ತಿದ್ದ ಈಸ್ಟ್ರೋಜೆನ್ ಕಡಿಮೆಯಾಗುತ್ತದೆ. ಹೆಂಗಸರಲ್ಲಿ ಹೃದಯಾಘಾತ ಎದೆನೋವಿನ ಜೊತೆಗೆ ಅಥವಾ ಅದಿಲ್ಲದೆಯೂ ಉಸಿರು ಕಟ್ಟುವುದು, ಬೆನ್ನು ಇಲ್ಲವೇ ದವಡೆ ನೋವು, ವಿಪರೀತ ಸುಸ್ತು, ವಾಕರಿಕೆಯ ರೂಪದಲ್ಲಿ ಬರಬಹುದು. ‘ಗ್ಯಾಸ್ ಇರಬೇಕು’ ಅಂತ ಸೋಡಾ ಕುಡಿದು ಮಲಗಬೇಡಿ.

ಬೀದರ್ ಜಿಲ್ಲೆಯಂಥ ದೂರದ ಊರಿನವರು ಬೆಂಗಳೂರಿಗೇ ಓಡಬೇಕೆಂದಿಲ್ಲ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ, 2024ರ ಡಿಸೆಂಬರ್‌ನಲ್ಲಿ ಅದಕ್ಕೆ 371 ಹಾಸಿಗೆಗಳ ಹೊಸ ಕಟ್ಟಡವಾಯಿತು. 2017ರಿಂದ ಬೀದರ್, ಹುಮನಾಬಾದ್, ಕಲಬುರಗಿ ನಡುವೆ ರೈಲೂ ಇದೆ. ತುರ್ತು ಬಂದರೆ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ರಾಜ್ಯ ಸರ್ಕಾರ 2023ರಲ್ಲಿ ತಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ.

ನಮ್ಮ ಕೈಲಿರುವುದು

ಲಿವರ್ ತಯಾರಿಸುವುದೇ ಹೆಚ್ಚು ಅಂದ ಮಾತ್ರಕ್ಕೆ ಅಡುಗೆಮನೆಯ ಜವಾಬ್ದಾರಿ ಮುಗಿಯಲಿಲ್ಲ. ಡಾಲ್ಡಾ, ಮತ್ತೆ ಮತ್ತೆ ಕಾಯಿಸಿದ ಎಣ್ಣೆ, ದಿನಾ ಸಂಜೆಯ ಮಿರ್ಚಿ ಭಜಿ ಇವು ಲಿವರ್‌ನ ಕೆಲಸವನ್ನು ಕೆಡಿಸುತ್ತವೆ. ನಮ್ಮ ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ, ಮೊಳಕೆಕಾಳು ಇವುಗಳ ನಾರು ಕೊಲೆಸ್ಟರಾಲ್‌ಗೆ ಕಡಿವಾಣ ಹಾಕಲು ಸಹಾಯ ಮಾಡುತ್ತದೆ. ನಮ್ಮ ಭಾಗದ ಹಳೆಯ ಕುಸುಬೆ ಎಣ್ಣೆಯೂ ಒಳ್ಳೆಯದೇ, ಮಿತಿ ಇರಲಿ ಅಷ್ಟೇ. ಜೊತೆಗೆ ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ.

ನೆನಪಿಡಿ

* ಇಂಜೆಕ್ಷನ್ ಬರುತ್ತದೆಂದು ಸ್ಟ್ಯಾಟಿನ್ ಬಿಡಬೇಡಿ. ಕೈಕಾಲು ನೋವು ಬಂದರೆ ಡಾಕ್ಟರಿಗೆ ಹೇಳಿ, ಪ್ರಮಾಣ ಅಥವಾ ಮಾತ್ರೆ ಬದಲಿಸುತ್ತಾರೆ.
* ರಿಪೋರ್ಟಿನಲ್ಲಿ ಎಲ್‌ಡಿಎಲ್ ಸರಿ ಇದೆ ಎಂದರೆ ಅದು ಮಾತ್ರೆಯ ಕೆಲಸ. ‘ವಾಸಿಯಾಯಿತು’ ಅಂತ ನಿಲ್ಲಿಸಬೇಡಿ.
* ಹೊಸ ಮದ್ದಿನ ಬಗ್ಗೆ ಡಾಕ್ಟರ ಬಳಿ ಮೂರು ಪ್ರಶ್ನೆ ಕೇಳಿ: ನನ್ನ ಗುರಿ ಎಷ್ಟು? ಈಗಿನ ಮಾತ್ರೆಯಿಂದ ಅಲ್ಲಿಗೆ ಮುಟ್ಟಿದ್ದೇನಾ? ಮುಟ್ಟದಿದ್ದರೆ ಮುಂದೇನು?
* ಮನೆಯಲ್ಲಿ ಒಬ್ಬರಿಗೆ ಎಲ್‌ಡಿಎಲ್ 190 ದಾಟಿದ್ದರೆ ಒಡಹುಟ್ಟಿದವರು, ಮಕ್ಕಳು ಎಲ್ಲರದೂ ಪರೀಕ್ಷೆ ಆಗಲಿ.
* ‘ಲಿವರ್ ಶುದ್ಧಿ’, ‘ಕೊಲೆಸ್ಟರಾಲ್ ಕರಗಿಸುವ ಪುಡಿ’ ಎಂಬ ಜಾಹೀರಾತು ನಂಬಿ ಮಾತ್ರೆ ಬಿಡಬೇಡಿ.

ಎಲ್‌ಡಿಎಲ್ ಸುಮಾರು 39 ಅಂಕ ಇಳಿಸಿಕೊಂಡರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅಪಾಯ ಐದರಲ್ಲಿ ಒಂದು ಭಾಗದಷ್ಟು ತಗ್ಗುತ್ತದೆ ಎಂದು ಲಕ್ಷಕ್ಕೂ ಹೆಚ್ಚು ಜನರ ಸ್ಟ್ಯಾಟಿನ್ ಪ್ರಯೋಗಗಳು ತೋರಿಸಿವೆ. ಆ 39 ಅಂಕ ಇಳಿಸಲು ಹೆಚ್ಚಿನವರಿಗೆ ಲಕ್ಷ ರೂಪಾಯಿ ಬೇಡ, ದಿನಾ ರಾತ್ರಿ ನೆನಪಿನಿಂದ ನುಂಗುವ ಒಂದು ಮಾತ್ರೆ ಸಾಕು. ಅದಕ್ಕೂ ಮೊದಲು ಆಗಬೇಕಾದ್ದು ಒಂದು ರಕ್ತ ಪರೀಕ್ಷೆ. ಈ ವಾರ ಯಜಮಾನರನ್ನೋ ಅತ್ತೆಯವರನ್ನೋ ಲ್ಯಾಬಿಗೆ ಕರೆದುಕೊಂಡು ಹೋಗುವಾಗ, ನಿಮ್ಮ ಕೈಯನ್ನೂ ಮುಂದೆ ಚಾಚಿ. ಕಪಾಟಿನಲ್ಲಿ ನಿಮ್ಮ ಹೆಸರಿನದೂ ಒಂದು ರಿಪೋರ್ಟ್ ಇರಲಿ.